ಗೌರಿಬಿದನೂರಿನ ಕಿವಿ

ಹೋದ ವಾರ ಸಂಜೆ ನಮ್ಮ ಬೀದಿಯ ಹುಡುಗಿಯೊಬ್ಬಳು ತಂದೆಯ ಜೊತೆ ಮನೆಗೆ ಬಂದಳು. ದ್ವಿತೀಯ ಪಿಯುಸಿ, ವಿಜ್ಞಾನ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಇಟ್ಟಿದ್ದಾರೆ. ವಿಷಯ: ‘ಭಾರತ ಅಣ್ವಸ್ತ್ರ ಪ್ರಸರಣ ನಿಷೇಧ ಒಪ್ಪಂದಕ್ಕೆ ಸಹಿ ಹಾಕಬೇಕು.’ ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿದ್ದಾರೆ. ಇವಳ ಪಾಲಿಗೆ ಬಂದದ್ದು ‘ಪರ’.

ತಂದೆಗೆ ಅದೇ ಚಿಂತೆ. ‘ಮೇಷ್ಟ್ರೇ, ವಿರೋಧ ಬಂದಿದ್ದರೆ ನಾನೇ ನಾಲ್ಕು ಪಾಯಿಂಟು ಹೇಳಿಕೊಡ್ತಿದ್ದೆ. ಪರ ಅಂದರೆ ಏನು ಮಾತಾಡೋದು? ದೇಶದ ವಿರುದ್ಧ ಮಾತಾಡಿದ ಹಾಗಾಗೋಲ್ಲವೇ?’ ಎಂದರು.

ಹುಡುಗಿಯ ಚಿಂತೆ ಬೇರೆ. ‘ಸಾರ್, ಹೆಚ್ಚುಕಡಿಮೆ ಎಲ್ಲ ದೇಶಗಳೂ ಸಹಿ ಹಾಕಿವೆಯಂತೆ. ನಾವು ಶಾಂತಿ ಬೇಕು ಅಂತ ಹೇಳ್ತೀವಿ, ಸಹಿ ಮಾತ್ರ ಹಾಕೋಲ್ಲ. ಇದು ಹೇಗೆ ಸರಿ?’

ಮಕ್ಕಳ ಪ್ರಶ್ನೆಗಳಲ್ಲಿ ಇದೊಂದು ತೊಂದರೆ, ನೇರವಾಗಿರುತ್ತವೆ. ನಾನು ಉತ್ತರ ಹೇಳುವ ಬದಲು, ‘ಗೌರಿಬಿದನೂರು ನೋಡಿದ್ದೀಯಾ ಮಗು?’ ಎಂದು ಕೇಳಿದೆ. ‘ಸ್ಕೂಲಿನಿಂದ ವಿದುರಾಶ್ವತ್ಥಕ್ಕೆ ಹೋಗಿದ್ದಾಗ ಆ ದಾರೀಲೇ ಹೋಗಿದ್ವಿ ಸಾರ್’ ಎಂದಳು. ಅಲ್ಲಿ ಭೂಮಿಗೆ ಕಿವಿಗೊಟ್ಟು ಕುಳಿತ ಒಂದು ಕೇಂದ್ರವಿದೆ ಎಂದು ಅಪ್ಪನಿಗೂ ಗೊತ್ತಿರಲಿಲ್ಲ, ಮಗಳಿಗೂ ಗೊತ್ತಿರಲಿಲ್ಲ. ಆ ಕೇಂದ್ರದ ಕಥೆಯಲ್ಲಿ ಅವಳ ಪ್ರಶ್ನೆಗೆ ಅರ್ಧ ಉತ್ತರವಿದೆ. ಪೋಷಕರಿಗೂ ಉಪಯೋಗವಾದೀತೆಂದು ಅಂದು ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ಎಂಬಲ್ಲಿ ಹೈಡ್ರೋಜನ್ ಬಾಂಬೊಂದನ್ನು ಸಿಡಿಸಿತು. ಹಿರೋಷಿಮಾದ ಬಾಂಬಿಗಿಂತ ಸುಮಾರು ಸಾವಿರ ಪಟ್ಟು ದೊಡ್ಡದು. ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನಿನ ದೋಣಿಯೊಂದರ ಮೇಲೆ ಬೂದಿಯ ಮಳೆ ಬಿತ್ತು. ದೋಣಿಯಲ್ಲಿದ್ದ 23 ಜನರೂ ವಿಕಿರಣದಿಂದ ಕಾಯಿಲೆ ಬಿದ್ದರು. ಅದರ ರೇಡಿಯೋ ಚಾಲಕ ಆ ವರ್ಷವೇ ತೀರಿಕೊಂಡ. ಅದಾದ ಒಂದು ತಿಂಗಳಿಗೆ, ಏಪ್ರಿಲ್ 2ರಂದು, ಜವಾಹರಲಾಲ್ ನೆಹರೂ ಲೋಕಸಭೆಯಲ್ಲಿ ಎದ್ದುನಿಂತು, ಎಲ್ಲ ರಾಷ್ಟ್ರಗಳೂ ಇಂಥ ಪರೀಕ್ಷೆಗಳನ್ನು ತಕ್ಷಣ ನಿಲ್ಲಿಸಬೇಕೆಂದು ಕೇಳಿದರು. ಪರೀಕ್ಷೆ ನಿಲ್ಲಿಸಿ ಎಂದು ಜಗತ್ತಿನ ಮುಂದೆ ಮೊದಲು ಪ್ರಸ್ತಾಪ ಇಟ್ಟ ಸರ್ಕಾರ ನಮ್ಮದು. ಮುಂದೆ ಬರುವ ವಿಪರ್ಯಾಸ ತಿಳಿಯಬೇಕಾದರೆ ಇದನ್ನು ನೆನಪಿನಲ್ಲಿಡಬೇಕು.

ದೊಡ್ಡವರು ಆಗ ಕೇಳಲಿಲ್ಲ. 1963ರಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್ ಮೂರೂ ಸೇರಿ ಅರ್ಧ ದಾರಿಯಷ್ಟು ಬಂದವು. ವಾತಾವರಣದಲ್ಲಿ, ಬಾಹ್ಯಾಕಾಶದಲ್ಲಿ, ನೀರಿನೊಳಗೆ ಪರೀಕ್ಷೆ ಬೇಡ ಎಂದಾಯಿತು. ನೆಲದೊಳಗೆ ಮಾಡಬಹುದು! ಭಾರತ ಆ ಒಪ್ಪಂದಕ್ಕೆ ಆಗಸ್ಟ್ ತಿಂಗಳಲ್ಲೇ, ಮೊದಲ ಸಾಲಿನಲ್ಲೇ ನಿಂತು ಸಹಿ ಹಾಕಿತು.

ಬಾಂಬುಗಳು ನೆಲದೊಳಗೆ ಹೋದ ಮೇಲೆ ಅವುಗಳನ್ನು ಪತ್ತೆ ಮಾಡುವ ಕೆಲಸ ಭೂಕಂಪಶಾಸ್ತ್ರದ ತಲೆಗೆ ಬಂತು. ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರ ನಾಲ್ಕು ಖಂಡಗಳಲ್ಲಿ ನಾಲ್ಕು ಕೇಂದ್ರಗಳನ್ನು ಸ್ಥಾಪಿಸಲು ನೆರವಾಯಿತು. ಒಂದು ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಒಂದು ಕೆನಡಾದ ಯೆಲ್ಲೋನೈಫ್, ಒಂದು ಆಸ್ಟ್ರೇಲಿಯಾದ ವಾರಮುಂಗಾ. ನಾಲ್ಕನೆಯದು ನಮ್ಮ ಗೌರಿಬಿದನೂರು. 1965ರಿಂದ ಅದು ಕೆಲಸ ಮಾಡುತ್ತಿದೆ. ನೋಡಿಕೊಳ್ಳುವುದು ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರ. ಆ ಭಾಗದ ನೆಲ ಹಳೆಯ ಗಟ್ಟಿ ಬಂಡೆ, ಅಲುಗಾಟ ಕಡಿಮೆ, ಸಮುದ್ರದ ಗದ್ದಲ ದೂರ. ಕಿವಿಗೊಡುವುದಕ್ಕೆ ಹೇಳಿ ಮಾಡಿಸಿದ ಜಾಗ.

ಅಲ್ಲಿ ಇಂಗ್ಲಿಷಿನ ‘ಎಲ್’ ಅಕ್ಷರದ ಆಕಾರದಲ್ಲಿ, ಎರಡು ತೋಳುಗಳುದ್ದಕ್ಕೂ 20 ಕಂಪನಮಾಪಕಗಳನ್ನು ಹೂತಿದ್ದಾರೆ. ‘ಒಂದು ಸಾಲದೇ?’ ಎಂದು ಹುಡುಗಿ ಕೇಳಿದಳು. ಕತ್ತಲಲ್ಲಿ ಹಸುವಿನ ಕೊರಳಗಂಟೆ ಕೇಳಿಸಿದರೆ ಅದು ಯಾವ ಕಡೆಯಿದೆ ಎಂದು ಹೇಗೆ ಹೇಳುತ್ತೇವೆ? ಎರಡು ಕಿವಿಗೆ ಸದ್ದು ಕೂದಲೆಳೆಯಷ್ಟು ಹಿಂದೆಮುಂದೆ ತಲುಪುವುದರಿಂದ. ಅದೇ ರೀತಿ ದೂರದ ಅಲೆಯೊಂದು ಈ 20 ಮಾಪಕಗಳನ್ನು ಒಂದಾದ ಮೇಲೊಂದರಂತೆ ಮುಟ್ಟುತ್ತದೆ. ಆ ಅಂತರವನ್ನು ಲೆಕ್ಕ ಹಾಕಿದರೆ ಅಲೆ ಬಂದ ದಿಕ್ಕು ತಿಳಿಯುತ್ತದೆ. ಅಂತರವನ್ನು ಸರಿಪಡಿಸಿ ಎಲ್ಲವನ್ನೂ ಕೂಡಿಸಿದರೆ, ಲಾರಿ ಹೋದದ್ದು, ಗಾಳಿಗೆ ಮರ ಅಲ್ಲಾಡಿದ್ದು ಮುಂತಾದ ಸ್ಥಳೀಯ ಗದ್ದಲ ಒಂದನ್ನೊಂದು ನುಂಗಿಹಾಕಿ, ಸಾವಿರಾರು ಮೈಲಿಯಾಚೆಯ ಪೆಟ್ಟು ಮೇಲೆದ್ದು ನಿಲ್ಲುತ್ತದೆ.

ಅದು ಭೂಕಂಪವೋ ಬಾಂಬೋ ಎಂದು ಹೇಳುವುದು ಹೇಗೆ? ಭೂಕಂಪವಾಗುವುದು ಬಂಡೆಯ ಎರಡು ಹೋಳುಗಳು ಉಜ್ಜಿಕೊಂಡು ಜಾರಿದಾಗ. ಆಗ ಕೆಲವು ದಿಕ್ಕಿಗೆ ನೆಲ ತಳ್ಳುತ್ತದೆ, ಕೆಲವು ದಿಕ್ಕಿನಲ್ಲಿ ಎಳೆಯುತ್ತದೆ. ಬಾಂಬು ಸಿಡಿದರೆ ಎಲ್ಲ ದಿಕ್ಕಿಗೂ ಒಂದೇ ಸಲ ತಳ್ಳು. ಇನ್ನೊಂದು ಗುರುತೂ ಇದೆ. ಭೂಕಂಪದಲ್ಲಿ ಮೊದಲು ಬರುವ ವೇಗದ ಅಲೆಯ ಹಿಂದೆ, ಭೂಮಿಯ ಮೇಲ್ಪದರದಲ್ಲೇ ತೆವಳಿಕೊಂಡು ದೊಡ್ಡ ಅಲೆಗಳು ಬರುತ್ತವೆ. ಸ್ಫೋಟದಲ್ಲಿ ಮೊದಲ ಪೆಟ್ಟು ಜೋರು, ಹಿಂದಿನ ಅಲೆಗಳು ಬಡಕಲು. ಅನುಭವವಿದ್ದವರು ಗೆರೆ ನೋಡಿಯೇ ಸಂಶಯಪಡುತ್ತಾರೆ, ಆಮೇಲೆ ಲೆಕ್ಕ ಹಾಕಿ ಹೇಳುತ್ತಾರೆ. ಭೌತಶಾಸ್ತ್ರದ ಪಠ್ಯದಲ್ಲಿ ಅಲೆಗಳ ಅಧ್ಯಾಯವನ್ನು ಬರೀ ಅಂಕಕ್ಕಾಗಿ ಓದುವ ಮಕ್ಕಳಿಗೆ ಇದನ್ನು ಯಾರೂ ಹೇಳುವುದಿಲ್ಲ.

ಇಷ್ಟು ಹೇಳಿ, ಇನ್ನು ಒಪ್ಪಂದಕ್ಕೆ ಬಂದೆ.

ಎನ್‌ಪಿಟಿ ಎಂದು ಪತ್ರಿಕೆಗಳು ಕರೆಯುವ ಈ ಒಪ್ಪಂದ 1968ರಲ್ಲಿ ಸಹಿಗೆ ತೆರೆಯಿತು, 1970ರ ಮಾರ್ಚ್ 5ರಂದು ಜಾರಿಗೆ ಬಂತು. ಅದರಲ್ಲಿ ಒಂದು ಸಣ್ಣ ಸಾಲಿದೆ. 1967ರ ಜನವರಿ 1ಕ್ಕೆ ಮೊದಲು ಅಣ್ವಸ್ತ್ರ ತಯಾರಿಸಿ ಸಿಡಿಸಿದ ದೇಶ ‘ಅಣ್ವಸ್ತ್ರ ರಾಷ್ಟ್ರ’. ಉಳಿದವರೆಲ್ಲ ‘ಅಣ್ವಸ್ತ್ರರಹಿತ ರಾಷ್ಟ್ರ’. ನಮ್ಮ ಕೆಂಪು ಬಸ್ಸಿನಲ್ಲಿ ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿದವರನ್ನು ನೋಡಿದ್ದೀರಲ್ಲ, ಹಾಗೆ. ಕರ್ಚೀಫು ಹಾಕಿದ ಐದು ಜನ: ಅಮೆರಿಕ, ರಷ್ಯಾ, ಬ್ರಿಟನ್, ಫ್ರಾನ್ಸ್, ಚೀನಾ. ಕೊನೆಯದಾಗಿ ಓಡಿಬಂದು ಹತ್ತಿದ್ದು ಚೀನಾ, 1964ರ ಅಕ್ಟೋಬರ್‌ನಲ್ಲಿ. ಸೀಟು ಹಿಡಿದವರು ಮುಂದೆ ಎಂದಾದರೂ ಎದ್ದುಬಿಡಲು ‘ಸದುದ್ದೇಶದಿಂದ ಮಾತುಕತೆ’ ನಡೆಸಬೇಕು ಎಂದು ಆರನೆಯ ವಿಧಿ ಹೇಳುತ್ತದೆ. ಎಂದು ಏಳಬೇಕು ಎಂಬ ತಾರೀಕು ಮಾತ್ರ ಇಲ್ಲ. 1995ರ ಮೇ 11ರಂದು ಈ ಒಪ್ಪಂದವನ್ನು ಅನಿರ್ದಿಷ್ಟ ಕಾಲಕ್ಕೆ ವಿಸ್ತರಿಸಿದರು. ಅಂದರೆ ಸೀಟೂ ಅನಿರ್ದಿಷ್ಟ ಕಾಲಕ್ಕೆ.

ನಮ್ಮ ಆಕ್ಷೇಪ ಇದೇ. ಆಕ್ಷೇಪದ ಹಿಂದೆ ಭಯವೂ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. 1962ರಲ್ಲಿ ಚೀನಾದೊಂದಿಗೆ ಯುದ್ಧದಲ್ಲಿ ಸೋತೆವು. ಎರಡೇ ವರ್ಷಕ್ಕೆ ಅದೇ ಚೀನಾದ ಕೈಗೆ ಬಾಂಬು ಬಂತು. 1967ರಲ್ಲಿ ಪ್ರಧಾನಿಯ ಕಾರ್ಯದರ್ಶಿ ಎಲ್.ಕೆ. ಝಾ ಮಾಸ್ಕೋ, ವಾಷಿಂಗ್ಟನ್, ಲಂಡನ್ ಸುತ್ತಿ, ಬಾಂಬಿಲ್ಲದ ನಮ್ಮಂಥ ದೇಶಕ್ಕೆ ಏನಾದರೂ ಭದ್ರತೆಯ ಭರವಸೆ ಸಿಕ್ಕೀತೇ ಎಂದು ವಿಚಾರಿಸಿ ಬಂದರು. ನಂಬುವಂಥದ್ದು ಏನೂ ಸಿಗಲಿಲ್ಲ. ಚೀನಾ ತಾನೇ ಎನ್‌ಪಿಟಿ ಸೇರಿದ್ದು 1992ರಲ್ಲಿ.

1974ರ ಮೇ 18ರಂದು ಪೋಖ್ರಾನಿನಲ್ಲಿ ನಾವೂ ಸಿಡಿಸಿದೆವು. ಅದರ ಮುಂದಾಳು ರಾಜಾ ರಾಮಣ್ಣ, ತುಮಕೂರಿನಲ್ಲಿ ಹುಟ್ಟಿದವರು, ಪಿಯಾನೋ ನುಡಿಸುತ್ತಿದ್ದವರು. ‘ಶಾಂತಿಯುತ ಸ್ಫೋಟ’ ಎಂದು ಸರ್ಕಾರ ಕರೆಯಿತು. ಜಗತ್ತು ನಂಬಲಿಲ್ಲ. ಕೆನಡಾ ಅಣುಸಹಕಾರ ನಿಲ್ಲಿಸಿತು. ಅಣುಸಾಮಗ್ರಿ ಮಾರುವ ದೇಶಗಳು ಮುಂದಿನ ವರ್ಷವೇ ಒಂದು ಕೂಟ ಕಟ್ಟಿಕೊಂಡು ನಮಗೆ ಅಂಗಡಿ ಬಾಗಿಲು ಮುಚ್ಚಿದವು.

ಈ ಹೊತ್ತಿಗೆ ತಂದೆಯ ಮುಖ ಅರಳಿತ್ತು. ‘ನೋಡಿದೆಯಾ, ನಾನು ಹೇಳಲಿಲ್ಲವೇ! ಇದೆಲ್ಲ ವಿರೋಧದ ಪಾಯಿಂಟುಗಳೇ’ ಎಂದರು ಮಗಳಿಗೆ. ಅವಳ ಮುಖ ಸಪ್ಪಗಾಯಿತು. ಸ್ವಲ್ಪ ತಾಳಿ ಎಂದೆ.

ತಕರಾರು ತೆಗೆಯುವವನು ಬರೀ ನೆಪ ಹೇಳುತ್ತಿದ್ದಾನೋ ನಿಜ ಹೇಳುತ್ತಿದ್ದಾನೋ ಎಂದು ತಿಳಿಯಲು ಒಂದು ದಾರಿಯಿದೆ. ತಕರಾರಿಗೆ ಕಾರಣವಾದದ್ದನ್ನು ತೆಗೆದುಹಾಕಿ ನೋಡಬೇಕು. ‘ಒಪ್ಪಂದ ಸಮಾನವಾಗಿಲ್ಲ’ ಎನ್ನುವುದು ನಮ್ಮ ತಕರಾರಾದರೆ, ಸಮಾನವಾದ ಒಪ್ಪಂದ ಬಂದಾಗ ಏನು ಮಾಡಿದೆವು?

ಒಂದು ಬಂತು. 1993ರಲ್ಲಿ ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದ. ಅದರಲ್ಲಿ ಕರ್ಚೀಫು ಇಲ್ಲ. ದೊಡ್ಡವರೂ ನಾಶ ಮಾಡಬೇಕು, ಸಣ್ಣವರೂ ನಾಶ ಮಾಡಬೇಕು, ಎಲ್ಲರ ಮನೆಗೂ ತನಿಖೆಯವರು ಬರುತ್ತಾರೆ. ನಾವು ಸಹಿ ಹಾಕಿದೆವು, 1996ರಲ್ಲಿ ಅನುಮೋದಿಸಿದೆವು. 1997ರಲ್ಲಿ ನಮ್ಮ ಬಳಿ ಇಂಥ ಅಸ್ತ್ರಗಳ ದಾಸ್ತಾನಿದೆ ಎಂದು ಘೋಷಿಸಿಕೊಂಡೆವು. ಅದಕ್ಕೆ ಐದು ವರ್ಷ ಹಿಂದೆ ಪಾಕಿಸ್ತಾನದ ಜೊತೆ ಕುಳಿತು, ಇಂಥವನ್ನು ತಯಾರಿಸುವುದಿಲ್ಲ, ಹೊಂದುವುದಿಲ್ಲ ಎಂದು ಜಂಟಿ ಘೋಷಣೆ ಮಾಡಿದ್ದೆವು. ಮುಜುಗರದ ಸಂಗತಿಯೇ. ಆದರೆ ಮುಜುಗರವಾದರೂ ಲೆಕ್ಕ ಒಪ್ಪಿಸಿ, ತನಿಖಾಧಿಕಾರಿಗಳ ಎದುರಿನಲ್ಲೇ ಪೂರ್ತಿ ನಾಶ ಮಾಡಿ 2009ರಲ್ಲಿ ಮುಗಿಸಿದೆವು. ಹಾಗೆ ಮುಗಿಸಿದ ಮೂರನೆಯ ದೇಶ ಭಾರತ. ನಮ್ಮ ಪಠ್ಯಪುಸ್ತಕಗಳಲ್ಲಿ ಪೋಖ್ರಾನಿಗೆ ಸಿಗುವ ಜಾಗದ ಹತ್ತರಲ್ಲೊಂದು ಪಾಲಾದರೂ ಇದಕ್ಕೆ ಸಿಗಬೇಕಿತ್ತು ಎಂದು ನನ್ನ ಅಭಿಪ್ರಾಯ.

ಇನ್ನೊಂದು ಚಿಕ್ಕ ಒಪ್ಪಂದ, ನಮಗೂ ಪಾಕಿಸ್ತಾನಕ್ಕೂ ನಡುವೆ. 1988ರ ಡಿಸೆಂಬರ್ 31ರಂದು ಸಹಿಯಾದದ್ದು: ಯುದ್ಧವೇ ಆದರೂ ಒಬ್ಬರ ಅಣುಸ್ಥಾವರಗಳ ಮೇಲೆ ಒಬ್ಬರು ದಾಳಿ ಮಾಡಬಾರದು. ಇದಕ್ಕಾಗಿ ಪ್ರತಿ ವರ್ಷ ಜನವರಿ 1ರಂದು ಎರಡೂ ದೇಶಗಳು ತಮ್ಮ ತಮ್ಮ ಸ್ಥಾವರಗಳ ಪಟ್ಟಿಯನ್ನು ಅದಲುಬದಲು ಮಾಡಿಕೊಳ್ಳುತ್ತವೆ. 1992ರಲ್ಲಿ ಶುರುವಾಯಿತು. ಕಾರ್ಗಿಲ್ ಯುದ್ಧದ ಮರುವರ್ಷವೂ ತಪ್ಪಲಿಲ್ಲ. ಸಂಸತ್ ಭವನದ ಮೇಲಿನ ದಾಳಿಯ ನಂತರ ಎರಡೂ ಸೇನೆಗಳು ಗಡಿಯಲ್ಲಿ ಎದುರುಬದುರು ನಿಂತಿದ್ದ 2002ರ ಜನವರಿ 1ರಂದೂ ತಪ್ಪಲಿಲ್ಲ. 2025ರ ಜನವರಿಯದು 34ನೆಯ ಬಾರಿ. ಆ ವರ್ಷದ ಮೇ ತಿಂಗಳಲ್ಲಿ ಎರಡು ದೇಶಗಳೂ ನಾಲ್ಕು ದಿನ ಕ್ಷಿಪಣಿ, ಡ್ರೋನುಗಳಲ್ಲಿ ಕಾದಾಡಿದವು. ಪಟ್ಟಿಯಲ್ಲಿ ಏನಿದೆ ಎಂದು ಪ್ರಕಟಿಸುವುದಿಲ್ಲ. ಆದರೆ ಕಾಳಿ ನದಿಯ ದಂಡೆಯ ನಮ್ಮ ಕೈಗಾದಂಥ ವಿದ್ಯುತ್ ಸ್ಥಾವರಗಳು ಒಪ್ಪಂದದ ವ್ಯಾಖ್ಯೆಯೊಳಗೇ ಬರುತ್ತವೆ. ಹೊಸ ವರ್ಷದ ದಿನ ನಾವು ಕೇಕು ಕತ್ತರಿಸುವ ಹೊತ್ತಿಗೆ ಕಾರವಾರ, ಯಲ್ಲಾಪುರದವರ ನೆಮ್ಮದಿಯ ಒಂದು ತುಣುಕು ದೆಹಲಿಯಲ್ಲೂ ಇಸ್ಲಾಮಾಬಾದಿನಲ್ಲೂ ಲಕೋಟೆಯಲ್ಲಿ ಕೈ ಬದಲಾಯಿಸುತ್ತದೆ.

‘ಹಾಗಾದರೆ ಸಮಾನವಾದದ್ದಕ್ಕೆಲ್ಲ ನಾವು ಸಹಿ ಹಾಕಿದ್ದೀವಿ’ ಎಂದಳು ಹುಡುಗಿ.

ಹಾಗೆ ಹೇಳುವಂತಿದ್ದರೆ ಚೆನ್ನಾಗಿತ್ತು. ಪರೀಕ್ಷೆಗಳನ್ನು ಪೂರ್ತಿಯಾಗಿ ನಿಷೇಧಿಸುವ ಸಿಟಿಬಿಟಿ ಬಂದಾಗ ಏನಾಯಿತು ನೋಡಿ. ನೆಹರೂ 1954ರಲ್ಲಿ ಕೇಳಿದ್ದು ಇದನ್ನೇ. ಜಿನೀವಾದಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಮಾತುಕತೆ ನಡೆದು 1996ರಲ್ಲಿ ಕರಡು ಸಿದ್ಧವಾಯಿತು. ಭಾರತದ ಪ್ರತಿನಿಧಿ ಅರುಂಧತಿ ಘೋಷ್ ಜೂನ್ 20ರಂದು ಎದ್ದುನಿಂತು ನಾವು ಇದಕ್ಕೆ ಒಪ್ಪುವುದಿಲ್ಲ ಎಂದರು. ಕಾರಣಗಳಿದ್ದವು. ಅಣ್ವಸ್ತ್ರಗಳನ್ನು ಇಂಥ ಗಡುವಿನೊಳಗೆ ಇಲ್ಲವಾಗಿಸುತ್ತೇವೆಂಬ ಮಾತು ಅದರಲ್ಲಿರಲಿಲ್ಲ. ಸಾವಿರಾರು ಪರೀಕ್ಷೆ ಮಾಡಿ ಮುಗಿಸಿದವರು ಇನ್ನು ಪ್ರಯೋಗಾಲಯದಲ್ಲೇ ಸುಧಾರಿಸಿಕೊಳ್ಳಬಹುದಿತ್ತು. ಸಾಲದ್ದಕ್ಕೆ, ನಮ್ಮನ್ನೂ ಸೇರಿಸಿ 44 ಹೆಸರಿನ ಪಟ್ಟಿಯೊಂದನ್ನು ಇಟ್ಟು, ಅವರೆಲ್ಲರೂ ಅನುಮೋದಿಸಿದರೆ ಮಾತ್ರ ಒಪ್ಪಂದ ಜಾರಿ ಎಂದರು. ಒಲ್ಲೆ ಎಂದವನ ಹೆಸರನ್ನೂ ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸಿದ ಹಾಗೆ. ಸೆಪ್ಟೆಂಬರ್ 10ರಂದು ವಿಶ್ವಸಂಸ್ಥೆಯಲ್ಲಿ ಮತಕ್ಕೆ ಹಾಕಿದರು: ಪರ 158, ವಿರುದ್ಧ 3. ಆ ಮೂರು: ಭಾರತ, ಭೂತಾನ್, ಲಿಬಿಯಾ.

ಎರಡು ವರ್ಷಕ್ಕೆ, 1998ರ ಮೇ 11 ಮತ್ತು 13ರಂದು ನಾವು ಮತ್ತೆ ಪೋಖ್ರಾನಿನಲ್ಲಿ ಸಿಡಿಸಿದೆವು. ಮೇ 28 ಮತ್ತು 30ರಂದು ಪಾಕಿಸ್ತಾನ ಸಿಡಿಸಿತು. ಇದು ತ್ರಿಕೋನದ ಲೆಕ್ಕ. ನಾವು ಚೀನಾವನ್ನು ನೋಡಿ ಬಾಂಬು ಇಟ್ಟುಕೊಂಡೆವು, ಪಾಕಿಸ್ತಾನ ನಮ್ಮನ್ನು ನೋಡಿ ಇಟ್ಟುಕೊಂಡಿತು. ಪಾಕಿಸ್ತಾನದ ಅಬ್ದುಲ್ ಖದೀರ್ ಖಾನ್ ಅಣು ತಂತ್ರಜ್ಞಾನವನ್ನು ಲಿಬಿಯಾ, ಇರಾನ್, ಉತ್ತರ ಕೊರಿಯಾಗಳಿಗೆ ದಾಟಿಸಿದ್ದು 2004ರಲ್ಲಿ ಬಯಲಾಯಿತು. ಆಗ ನಮ್ಮವರು, ಸಹಿ ಹಾಕದಿದ್ದರೂ ನಾವು ಯಾರಿಗೂ ಮಾರಿಲ್ಲ ಎಂದದ್ದು ಸರಿಯಾಗಿಯೇ ಇತ್ತು. 2003ರ ಜನವರಿಯಲ್ಲಿ ಸರ್ಕಾರ ಪ್ರಕಟಿಸಿದ ನೀತಿಯಲ್ಲಿ, ಅಣ್ವಸ್ತ್ರವನ್ನು ಮೊದಲು ನಾವು ಬಳಸುವುದಿಲ್ಲ ಎಂದಿದೆ. ಪಾಕಿಸ್ತಾನ ಅಂಥ ಮಾತು ಕೊಟ್ಟಿಲ್ಲ.

2008ರಲ್ಲಿ ಅದೇ ವ್ಯಾಪಾರಿ ಕೂಟ ನಮಗೆ ವಿನಾಯಿತಿ ಕೊಟ್ಟಿತು. ಪ್ರತಿಯಾಗಿ ನಾವು ನಮ್ಮ 22 ರಿಯಾಕ್ಟರುಗಳಲ್ಲಿ 14ನ್ನು ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆಗೆ ತೆರೆಯಲು ಒಪ್ಪಿದೆವು. ಹೊರಗುಳಿದ ಎಂಟರಲ್ಲಿ ನಾಲ್ಕು ಕೈಗಾದವು. ಅಲ್ಲಿ ಬಾಂಬು ತಯಾರಾಗುತ್ತದೆಂದು ಇದರ ಅರ್ಥವಲ್ಲ. ವಿಯೆನ್ನಾದ ತನಿಖಾಧಿಕಾರಿ ಅಲ್ಲಿಗೆ ಬರುವುದಿಲ್ಲ ಎಂದಷ್ಟೇ ಅರ್ಥ.

ಕಡೆಗೆ 2017ರಲ್ಲಿ ವಿಶ್ವಸಂಸ್ಥೆಯಲ್ಲಿ ಇನ್ನೊಂದು ಒಪ್ಪಂದವಾಯಿತು. ಅಣ್ವಸ್ತ್ರ ಯಾರಿಗೂ ಬೇಡ, ಯಾರ ಬಳಿಯೂ ಇರಕೂಡದು. ಕರ್ಚೀಫು ಇಲ್ಲ, ತಾರೀಕಿನ ಗೆರೆ ಇಲ್ಲ. ಅದು 2021ರ ಜನವರಿ 22ರಂದು ಜಾರಿಗೂ ಬಂತು. ಅದಕ್ಕೆ ಒಳಪಟ್ಟವರಿಗೆಲ್ಲ ಒಂದೇ ನಿಯಮ. ನಾವು ಆ ಮಾತುಕತೆಗೇ ಹೋಗಲಿಲ್ಲ. ಬಾಂಬಿರುವ ಇತರ ದೇಶಗಳೂ ಹೋಗಲಿಲ್ಲ ಎನ್ನುವುದು ನಿಜ. ಆದರೆ ಮೊದಲಿನ ತಕರಾರು ನಮ್ಮದೇ ತಾನೆ?

ಇಲ್ಲಿ ತಂದೆ ಸುಮ್ಮನಾದರು. ಮಗಳು ನೋಟ್‌ಬುಕ್ ತೆರೆದಳು.

‘ಪರ’ ಮಾತಾಡುವವಳು ಹೇಳಬಹುದಾದದ್ದು ಹಲವಿದೆ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ, 1970ರ ದಶಕದ ಹೊತ್ತಿಗೆ 15ರಿಂದ 25 ದೇಶಗಳ ಕೈಯಲ್ಲಿ ಬಾಂಬಿದ್ದೀತು ಎಂದು ಹೆದರಿದ್ದರು. ಇಂದಿಗೂ ಆ ಸಂಖ್ಯೆ ಒಂಬತ್ತು. ಇದರಲ್ಲಿ ಎನ್‌ಪಿಟಿಯ ಪಾಲು ದೊಡ್ಡದು. ದಕ್ಷಿಣ ಆಫ್ರಿಕಾ ತಯಾರಿಸಿಟ್ಟಿದ್ದ ಬಾಂಬುಗಳನ್ನು ಬಿಚ್ಚಿಹಾಕಿ 1991ರಲ್ಲಿ ಒಪ್ಪಂದ ಸೇರಿತು. ಆದರೆ ಒಂದು ಮಾತನ್ನು ನುಂಗಿಕೊಳ್ಳಬಾರದು. 1967ರ ಗೆರೆಯಿಂದಾಗಿ ಭಾರತ ಸೇರಬಹುದಾದದ್ದು ಅಣ್ವಸ್ತ್ರರಹಿತ ರಾಷ್ಟ್ರವಾಗಿ ಮಾತ್ರ. ‘ಸಹಿ ಹಾಕಬೇಕು’ ಎಂದರೆ ಇರುವ ಬಾಂಬುಗಳನ್ನೆಲ್ಲ ಬಿಚ್ಚಿಡಬೇಕು ಎಂದರ್ಥ, ಚೀನಾ ಇಟ್ಟುಕೊಂಡೇ ಇರುವಾಗ. ಎದುರಾಳಿ ಯುಕ್ರೇನಿನ ಹೆಸರು ತೆಗೆಯುತ್ತಾನೆ, ಅದಕ್ಕೂ ಸಿದ್ಧವಾಗಿರಬೇಕು. 1994ರಲ್ಲಿ ಭರವಸೆಗಳನ್ನು ನಂಬಿ ಅದು ಸೋವಿಯತ್ ಕಾಲದ ಬಾಂಬುಗಳನ್ನು ಬಿಟ್ಟುಕೊಟ್ಟಿತು. ಭರವಸೆ ಕೊಟ್ಟವರಲ್ಲೊಬ್ಬರಾದ ರಷ್ಯಾದವರೇ 2014ರಲ್ಲಿ, 2022ರಲ್ಲಿ ನುಗ್ಗಿದರು.

‘ಇಷ್ಟೆಲ್ಲ ಒಪ್ಪಿಕೊಂಡರೆ ಬಹುಮಾನ ಬರುತ್ತದೆಯೇ ಮೇಷ್ಟ್ರೇ?’ ಎಂದು ತಂದೆ ನಕ್ಕರು. ನನಗೆ ಗೊತ್ತಿಲ್ಲ. ತೀರ್ಪುಗಾರರು ಯಾರೋ ಏನೋ.

‘ನಿನಗೇನನ್ನಿಸುತ್ತದೆ ಸಾರ್ ಅಂತ ಕೇಳಬಹುದಾ?’ ಎಂದಳು ಹುಡುಗಿ ಬಾಗಿಲ ಬಳಿ. ಕೇಳಬಹುದು. ನನ್ನ ಮಟ್ಟಿಗೆ, ಎನ್‌ಪಿಟಿಗೆ ಈಗ ಸಹಿ ಹಾಕುವುದು ಆಗದ ಮಾತು. ಸಿಟಿಬಿಟಿಯ ವಿಷಯ ಬೇರೆ. 1998ರಿಂದ ಪರೀಕ್ಷೆ ಮಾಡುವುದಿಲ್ಲವೆಂದು ನಾವೇ ಸ್ವಂತ ಇಚ್ಛೆಯಿಂದ ನಿಂತಿದ್ದೇವೆ. ಈ ಶತಮಾನದಲ್ಲಿ ಅಣ್ವಸ್ತ್ರ ಪರೀಕ್ಷೆ ಮಾಡಿ ಸಾರಿಕೊಂಡ ದೇಶ ಉತ್ತರ ಕೊರಿಯಾ ಒಂದೇ, ಆರು ಬಾರಿ. ಅಮೆರಿಕ ಸಹಿ ಹಾಕಿಯೂ ಅನುಮೋದಿಸಿಲ್ಲ, ಚೀನಾವೂ ಅಷ್ಟೇ, ರಷ್ಯಾ 2023ರಲ್ಲಿ ಅನುಮೋದನೆಯನ್ನು ಹಿಂದಕ್ಕೆ ಪಡೆಯಿತು. ದೊಡ್ಡವರು ಹಿಂದೆ ಸರಿಯುತ್ತಿರುವಾಗ, ಹೇಗೂ ಪಾಲಿಸುತ್ತಿರುವ ಮಾತಿಗೆ ನಾವು ಸಹಿ ಹಾಕಿ ಮುಂದೆ ನಿಂತರೆ 1954ರ ಪ್ರಸ್ತಾಪ ಯಾರದೆಂದು ಜಗತ್ತಿಗೆ ನೆನಪಾದೀತು. ಒಪ್ಪದವರು ಬಹಳ ಜನರಿದ್ದಾರೆ, ಅವರ ವಾದದಲ್ಲೂ ಹುರುಳಿದೆ. ಚೀನಾ ಅನುಮೋದಿಸುವ ಮೊದಲು ನಾವೇಕೆ ಎಂದು ಅವರು ಕೇಳುತ್ತಾರೆ.

ಪರೀಕ್ಷೆಗಳನ್ನು ಪತ್ತೆ ಮಾಡಲು ಸಿಟಿಬಿಟಿಯವರು ಜಗತ್ತಿನಾದ್ಯಂತ 337 ಕೇಂದ್ರಗಳ ಜಾಲವನ್ನು ಯೋಜಿಸಿ, ಬಹುಪಾಲನ್ನು ಕಟ್ಟಿ ಮುಗಿಸಿದ್ದಾರೆ. ಯೆಲ್ಲೋನೈಫ್ ಅದರಲ್ಲಿದೆ, ವಾರಮುಂಗಾ ಇದೆ, ಎಸ್ಕ್‌ಡೇಲ್‌ಮ್ಯೂರ್ ಇದೆ. ಅವರ ಜೊತೆ ಹುಟ್ಟಿದ ಗೌರಿಬಿದನೂರು ಇಲ್ಲ. ಅದು ಒಂಟಿಯಾಗಿ, ನಮಗಾಗಿ ಮಾತ್ರ ಆಲಿಸುತ್ತಿದೆ.

ಸ್ಪರ್ಧೆ ಬರುವ ಶನಿವಾರ. ಹುಡುಗಿ ಮೊನ್ನೆ ಮತ್ತೆ ಬಂದಿದ್ದಳು. ಬರೆದುಕೊಂಡದ್ದು ಒಂಬತ್ತು ನಿಮಿಷ ಆಗುತ್ತದಂತೆ, ಕೊಟ್ಟಿರುವುದು ಐದು. ಯಾವುದನ್ನು ಬಿಡಲಿ ಎಂದು ಕೇಳಿದಳು. ಬೇಕಾದರೆ ಝಾ ಅವರನ್ನು ಬಿಡು, ಕೆನಡಿಯನ್ನು ಬಿಡು, ಗೌರಿಬಿದನೂರನ್ನು ಮಾತ್ರ ಇಟ್ಟುಕೋ ಎಂದಿದ್ದೇನೆ.